ಕಾರ್ಡ್ ತೆಗೆದರೆ ಬೆಳಕು, ಹಾಕಿದರೆ ಕತ್ತಲು

ರಾತ್ರಿ ಹತ್ತೂವರೆಗೆ ತುಮಕೂರಿನಿಂದ ಅಕ್ಕನ ಮಗನ ಫೋನ್. "ಮಾಮ, ಕಾರ್ಡ್ ಹಾಕ್ದೆ. ಫ್ಯಾನ್ ತಿರುಗ್ತಾ ಇದೆ, ಕೀಬೋರ್ಡ್ ಲೈಟೂ ಬರ್ತಾ ಇದೆ, ಡಿಸ್ಪ್ಲೇ ಮಾತ್ರ ಬರ್ತಿಲ್ಲ." ಪಕ್ಕದ ಬೀದಿಯ ಮಕ್ಕಳಿಗೆ ಪಾಠ ಹೇಳಿ ಕೂಡಿಟ್ಟ ದುಡ್ಡಿನಲ್ಲಿ ತಂದ ಗ್ರಾಫಿಕ್ಸ್ ಕಾರ್ಡ್ ಅದು, ಜಿಟಿಎಕ್ಸ್ 1650. ಬ್ಲೆಂಡರಿನಲ್ಲಿ ತ್ರೀಡಿ ಚಿತ್ರ ಮಾಡಲು ಕಲಿಯುತ್ತಿದ್ದಾನೆ. ಒಂದೊಂದು ಚಿತ್ರ ರೆಂಡರ್ ಆಗಲೂ ರಾತ್ರಿಯಿಡೀ ಕಾದು ಸಾಕಾಗಿತ್ತು. ಮೆಷಿನ್ ಯಾವುದೋ ಆಫೀಸಿನಿಂದ ಹೊರಬಿದ್ದು ಸೆಕೆಂಡ್‌ಹ್ಯಾಂಡ್ ಆಗಿ ಮನೆಗೆ ಬಂದದ್ದು: ನಾಲ್ಕನೇ ತಲೆಮಾರಿನ ಕೋರ್ ಐ5, ಜತೆಗೊಂದು ಹಳೆಯ ವಿಜಿಎ ಮಾನಿಟರ್. "ಅಂಗಡಿಯವರನ್ನ ಕೇಳ್ದೆ. ಕಾರ್ಡ್ ಡೆಡ್ ಆಗಿರ್ಬೇಕು ಅಂದ್ರು. ನಂಗೂ ಹಂಗೇ ಅನ್ಸುತ್ತೆ. ಕಾರ್ಡ್ ತೆಗೆದ್ರೆ ಡಿಸ್ಪ್ಲೇ ಬರುತ್ತೆ, ಹಾಕಿದ್ರೆ ಹೋಗುತ್ತೆ. ಅಂದ್ಮೇಲೆ ಇನ್ನೇನು?"

ಈ ತರ್ಕ ಎಷ್ಟು ಸಹಜವೋ ಅಷ್ಟೇ ದಾರಿ ತಪ್ಪಿಸುವಂಥದ್ದು. ಕಾರ್ಡ್ ಹಾಕಿದಾಗ ಬದಲಾಗುವುದು ಒಂದು ವಸ್ತುವಲ್ಲ. ಚಿತ್ರ ಹೊರಬರುವ ಪೋರ್ಟ್ ಬದಲಾಗುತ್ತದೆ. ಅದರ ಜತೆ ಕೇಬಲ್ಲೂ, ಎಷ್ಟೋ ಸಲ ನಡುವಿನ ಕನ್ವರ್ಟರೂ ಬದಲಾಗುತ್ತವೆ. ಎಸ್‌ಎಂಪಿಎಸ್ ಮೇಲಿನ ಭಾರ ಏರುತ್ತದೆ. ಮದರ್‌ಬೋರ್ಡಿನ ಬಯಾಸ್ ಇದುವರೆಗೆ ಮಾತಾಡಿರದ ಇನ್ನೊಂದು ಫರ್ಮ್‌ವೇರ್ ಜತೆ ಮಾತಾಡಬೇಕಾಗುತ್ತದೆ. ಕೊನೆಗೆ ವಿಂಡೋಸ್ ಬೇರೆ ಡ್ರೈವರ್ ಹುಡುಕಿಕೊಳ್ಳಬೇಕು. ಐದು ಬದಲಾವಣೆಗಳನ್ನು ಒಂದೇ ಸಲ ಮಾಡಿ, ಆರನೆಯದಾದ ಕಾರ್ಡಿನ ಮೇಲೆ ತಪ್ಪು ಹೊರಿಸುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಇಷ್ಟು ವರ್ಷ ನೆಂಟರ, ಗೆಳೆಯರ, ಗೆಳೆಯರ ಮಕ್ಕಳ ಮೆಷಿನ್‌ಗಳನ್ನು ಬಿಚ್ಚಿ ಕೂತ ಅನುಭವದಲ್ಲಿ ಹೇಳುತ್ತೇನೆ: ಹೊಸ ಕಾರ್ಡ್ ನಿಜವಾಗಿ ಸತ್ತಿದ್ದನ್ನು ನಾನು ಕಂಡದ್ದು ಅಪರೂಪ. ಬದುಕಿದ್ದ ಕಾರ್ಡ್ ಅಂಗಡಿಗೆ ವಾಪಸ್ ಹೋದದ್ದನ್ನು ಬೇಕಾದಷ್ಟು ಸಲ ಕಂಡಿದ್ದೇನೆ.

ಈ ತೊಂದರೆಗೆ ಬೇರೆ ಯಾವುದಕ್ಕೂ ಇಲ್ಲದ ಒಂದು ಕಷ್ಟವಿದೆ. ಪ್ರಿಂಟರ್ ಕೆಟ್ಟರೆ ಪರದೆ ಹೇಳುತ್ತದೆ, ಡಿಸ್ಕ್ ಕೆಟ್ಟರೂ ಪರದೆಯೇ ಹೇಳುತ್ತದೆ. ಹೇಳಬೇಕಾದ ಪರದೆಯೇ ಕಪ್ಪಾದಾಗ ಮೆಷಿನ್ ಎಲ್ಲಿಯವರೆಗೆ ನಡೆದು ಎಲ್ಲಿ ನಿಂತಿತು ಎಂಬುದನ್ನು ಬೇರೆ ಗುರುತುಗಳಿಂದ ಊಹಿಸಬೇಕು. ಪವರ್ ಬಟನ್ ಒತ್ತಿದ ಮೇಲೆ ನಡೆಯುವುದನ್ನು ಸ್ಥೂಲವಾಗಿ ಹೀಗೆ ಹೇಳಬಹುದು: ಎಸ್‌ಎಂಪಿಎಸ್ ತನ್ನ ವೋಲ್ಟೇಜ್ ಸರಿಯಿದೆ ಎಂದು ಮದರ್‌ಬೋರ್ಡಿಗೆ ಸಂಜ್ಞೆ ಕೊಡುತ್ತದೆ, ಪ್ರೊಸೆಸರ್ ಎಚ್ಚೆತ್ತು ಬಯಾಸ್ ಓದುತ್ತದೆ, ರ್‍ಯಾಮ್ ಪರೀಕ್ಷೆಯಾಗುತ್ತದೆ, ಆಮೇಲೆ ಬಯಾಸ್ ಗ್ರಾಫಿಕ್ಸ್ ಕಾರ್ಡನ್ನು ಹುಡುಕಿ, ಕಾರ್ಡಿನೊಳಗಿರುವ ಅದರದೇ ಫರ್ಮ್‌ವೇರನ್ನು ಓಡಿಸುತ್ತದೆ. ಆ ಫರ್ಮ್‌ವೇರ್ ಕೇಬಲ್ಲಿನ ಆ ತುದಿಯಲ್ಲಿ ಮಾನಿಟರ್ ಇದೆಯೇ ಎಂದು ವಿಚಾರಿಸುತ್ತದೆ. ಮಾನಿಟರ್ ತನ್ನ ಗುರುತಿನ ಚೀಟಿಯನ್ನು, ಅಂದರೆ 128 ಬೈಟ್‌ಗಳ ಒಂದು ಪುಟ್ಟ ಮಾಹಿತಿಯನ್ನು ಕಳಿಸಿದ ಮೇಲೆ ಮೊದಲ ಚಿತ್ರ ಮೂಡುತ್ತದೆ. ವಿಂಡೋಸ್ ಬರುವುದು, ಡ್ರೈವರ್ ಬರುವುದು ಎಲ್ಲ ಇದರ ನಂತರ.

ಆದ್ದರಿಂದ ನಾನು ಮೊದಲು ಕೇಳುವುದು ಕತ್ತಲು ಯಾವಾಗ ಬಂತು ಎಂದು. ಆನ್ ಮಾಡಿದಾಗಿನಿಂದಲೇ ಕಪ್ಪೋ? ಕಂಪನಿಯ ಲೋಗೊ ಕಾಣಿಸಿ ಆಮೇಲೆ ಕಪ್ಪಾಯಿತೋ? ಎರಡಕ್ಕೂ ಕಾರಣಗಳೇ ಬೇರೆ. ಮೊದಲಿನಿಂದಲೂ ಕಪ್ಪಾಗಿದ್ದರೆ ಒಂದು ನಿಮಿಷ ಕಾದು ನಮ್‌ಲಾಕ್ ಒತ್ತಿ ನೋಡಿ. ಕೀಬೋರ್ಡಿನ ಪುಟ್ಟ ದೀಪ ಹತ್ತಿ ಆರಿದರೆ ಮೆಷಿನ್ ಬದುಕಿದೆ, ತನ್ನ ಪಾಡಿಗೆ ವಿಂಡೋಸ್‌ವರೆಗೆ ಹೋಗಿ ಕೂತಿರಲೂಬಹುದು. ಆಗ ತಪ್ಪು ಇರುವುದು ಹೆಚ್ಚಾಗಿ ಚಿತ್ರ ಹೊರಬರುವ ದಾರಿಯಲ್ಲಿ. ದೀಪ ಅಲುಗಾಡದಿದ್ದರೆ ಮೆಷಿನ್ ಅದಕ್ಕಿಂತ ಮೊದಲೇ ಎಲ್ಲೋ ನಿಂತಿದೆ. ಒಂದೇ ಒಂದು ಕೀ ಒತ್ತಿ ಅರ್ಧ ಕೆಲಸ ಮುಗಿಸುವ ಈ ಪರೀಕ್ಷೆಯನ್ನು ಸ್ಕ್ರೂಡ್ರೈವರ್ ಹಿಡಿಯುವ ಮೊದಲೇ ಮಾಡಬೇಕು.

ತೀರಾ ಸಾಮಾನ್ಯವಾದ ಕಾರಣ ಹೇಳಲು ಒಂದೇ ವಾಕ್ಯ ಸಾಕು: ಮಾನಿಟರಿನ ಕೇಬಲ್ ಇನ್ನೂ ಮದರ್‌ಬೋರ್ಡಿನ ಪೋರ್ಟಿನಲ್ಲೇ ಇರುತ್ತದೆ. ಕಾರ್ಡ್ ಹಾಕಿದ ಮೇಲೆ ಕೇಬಲ್ಲನ್ನು ಕೆಳಗೆ, ಕಾರ್ಡಿನ ಅಡ್ಡ ಸಾಲಿನ ಪೋರ್ಟಿಗೆ ಸಿಕ್ಕಿಸಬೇಕು. ಕಾರ್ಡ್ ಕಂಡ ಕೂಡಲೇ ಹೆಚ್ಚಿನ ಮದರ್‌ಬೋರ್ಡುಗಳು ತಮ್ಮದೇ ಗ್ರಾಫಿಕ್ಸನ್ನು ಮುಚ್ಚಿಬಿಡುತ್ತವೆ; ಹಾಗಾಗಿ ನಿನ್ನೆಯವರೆಗೆ ಚಿತ್ರ ಬರುತ್ತಿದ್ದ ಪೋರ್ಟ್ ಇಂದು ಖಾಲಿ. ಇನ್ನು ಕೆಲವು ಪ್ರೊಸೆಸರುಗಳಲ್ಲಿ ಗ್ರಾಫಿಕ್ಸ್ ಇರುವುದೇ ಇಲ್ಲ. 2019ರ ಆರಂಭದಿಂದ ಇಂಟೆಲ್ ಹೆಸರಿನ ಕೊನೆಗೆ 'ಎಫ್' ಹಾಕಿ ಮಾರುತ್ತಿರುವ ಚಿಪ್‌ಗಳು, ಎಎಂಡಿಯ 5000 ಸರಣಿಯವರೆಗಿನ ರೈಜನ್‌ಗಳಲ್ಲಿ 'ಜಿ' ಅಕ್ಷರವಿಲ್ಲದ ಡೆಸ್ಕ್‌ಟಾಪ್ ಚಿಪ್‌ಗಳು ಈ ಜಾತಿ. ಇಂಥ ಮೆಷಿನ್‌ನಲ್ಲಿ ಮದರ್‌ಬೋರ್ಡಿನ ಎಚ್‌ಡಿಎಂಐ ಪೋರ್ಟ್ ಬರೀ ಅಲಂಕಾರ. ಮಾನಿಟರಿನ ಇನ್‌ಪುಟ್ ಸರಿಯಾದ ಪೋರ್ಟಿಗೆ ಹೊಂದಿದೆಯೇ ಎಂದೂ ನೋಡಬೇಕು. ತಾನಾಗಿ ಹುಡುಕಿಕೊಳ್ಳದ ಮಾನಿಟರುಗಳು ಇನ್ನೂ ಬಹಳ ಇವೆ.

ನಮ್ಮ ಹುಡುಗ ಇಷ್ಟು ಮಾಡಿದ್ದ. ಅವನು ಸಿಕ್ಕಿಕೊಂಡದ್ದು ಮುಂದಿನ ಹೆಜ್ಜೆಯಲ್ಲಿ, ಮತ್ತು ಆ ಹೆಜ್ಜೆ ನಮ್ಮ ಊರುಗಳ ಮನೆಗಳಿಗೆ ತುಂಬ ಸಂಬಂಧಪಟ್ಟದ್ದು.

ವಿಜಿಎ ಬಂದದ್ದು 1987ರಲ್ಲಿ, ಐಬಿಎಂನ ಪಿಎಸ್/2 ಮೆಷಿನ್‌ಗಳ ಜತೆ. ಹದಿನೈದು ಪಿನ್‌ನ ಆ ನೀಲಿ ತಲೆಯ ಕೇಬಲ್ ಇಂದಿಗೂ ನಮ್ಮ ಮನೆ, ಶಾಲೆ, ಸೈಬರ್ ಕೆಫೆಗಳಲ್ಲಿ ಬದುಕಿದೆ, ಏಕೆಂದರೆ ಇಲ್ಲಿ ಮಾನಿಟರ್ ಕೆಡುವವರೆಗೂ ಯಾರೂ ಬದಲಿಸುವುದಿಲ್ಲ. ಅದು ತಪ್ಪೂ ಅಲ್ಲ. ಆದರೆ ಕಾರ್ಡುಗಳು ಆ ಕಾಲವನ್ನು ಬಿಟ್ಟು ಬಂದಿವೆ. ವಿಜಿಎಯಲ್ಲಿ ಹರಿಯುವುದು ಅನಲಾಗ್ ಸಂಕೇತ. ಮೊದಲು ಕಾರ್ಡುಗಳಲ್ಲಿ ಡಿವಿಐ-ಐ ಎಂಬ ಪೋರ್ಟ್ ಇರುತ್ತಿತ್ತು. ಅದರಲ್ಲಿ ಡಿಜಿಟಲ್ ಜತೆ ಅನಲಾಗೂ ಇದ್ದುದರಿಂದ ಒಂದು ಸಣ್ಣ ಅಡಾಪ್ಟರ್ ಸಿಕ್ಕಿಸಿದರೆ ವಿಜಿಎ ಬರುತ್ತಿತ್ತು. ಎನ್ವಿಡಿಯಾ 2016ರ ಜಿಟಿಎಕ್ಸ್ 1000 ಸರಣಿಯಲ್ಲಿ ಅನಲಾಗನ್ನು ಕೈಬಿಟ್ಟಿತು. ಈಗ ಡಿವಿಐ ಇದ್ದರೂ ಅದು ಡಿವಿಐ-ಡಿ. ಉದ್ದದ ಚಪ್ಪಟೆ ಪಿನ್‌ನ ಸುತ್ತ ನಾಲ್ಕು ತೂತುಗಳಿದ್ದರೆ ಅದು ಹಳೆಯದು, ಇಲ್ಲದಿದ್ದರೆ ಡಿಜಿಟಲ್ ಮಾತ್ರ. ಹಳೆಯ ಅಡಾಪ್ಟರ್ ಅದಕ್ಕೆ ಕೂರುವುದೇ ಇಲ್ಲ. ಪಿನ್ ಮುರಿದು ಕೂರಿಸಿದರೂ ಚಿತ್ರ ಬಾರದು.

ಹಾಗಾಗಿ ಈಗ ಬೇಕಾಗಿರುವುದು ಒಳಗೆ ಚಿಪ್ ಇರುವ, ಡಿಜಿಟಲನ್ನು ಅನಲಾಗ್ ಮಾಡುವ ಕನ್ವರ್ಟರ್. ಅದು ಕೆಲಸ ಮಾಡಲು ಕರೆಂಟ್ ಬೇಕು. ಎಚ್‌ಡಿಎಂಐ ಪೋರ್ಟಿನ ಒಂದು ಪಿನ್ 5 ವೋಲ್ಟ್ ಕೊಡುತ್ತದೆ ನಿಜ, ಆದರೆ ನಿಯಮದ ಪ್ರಕಾರ ಅದು ಖಾತರಿಯಾಗಿ ಕೊಡಬೇಕಾದದ್ದು ಕೇವಲ 55 ಮಿಲಿಆಂಪ್. ಹಸಿದ ಕನ್ವರ್ಟರಿಗೆ ಅದು ಸಾಲದು. ಅದಕ್ಕೇ ಕೆಲವು ಕನ್ವರ್ಟರುಗಳ ಪಕ್ಕದಲ್ಲಿ ಯುಎಸ್‌ಬಿ ಪವರ್ ಕೊಡಲು ಒಂದು ತೂತು ಇರುತ್ತದೆ. ಅದನ್ನು ಜನ ಗಮನಿಸುವುದಿಲ್ಲ. ಇನ್ನು ದಿಕ್ಕಿನ ಪ್ರಶ್ನೆಯೂ ಇದೆ: ವಿಜಿಎಯಿಂದ ಎಚ್‌ಡಿಎಂಐಗೆ ಹೋಗುವ ಡಬ್ಬಿ ಬೇರೆ, ಎಚ್‌ಡಿಎಂಐಯಿಂದ ವಿಜಿಎಗೆ ಬರುವ ಡಬ್ಬಿ ಬೇರೆ. ನೋಡಲು ಒಂದೇ ಥರ. ತಿರುವಿ ಸಿಕ್ಕಿಸಿದರೆ ಕೆಲಸ ಮಾಡುವುದಿಲ್ಲ. ಡಿಸ್ಪ್ಲೇಪೋರ್ಟಿನಿಂದ ಎಚ್‌ಡಿಎಂಐಗೆ ಹೋಗುವ ಸಾದಾ ಕೇಬಲ್ಲೂ ಹೀಗೆಯೇ, ಒಂದೇ ದಿಕ್ಕಿನದು.

ಮಾರನೆಯ ದಿನ ನಾನೇ ತುಮಕೂರಿಗೆ ಹೋದೆ. ನಮ್‌ಲಾಕ್ ಒತ್ತಿದರೆ ದೀಪ ಹತ್ತಿ ಆರಿತು. ಕ್ಯಾಬಿನೆಟ್ಟನ್ನು ಹಾಲಿಗೆ ಎತ್ತಿಕೊಂಡು ಬಂದು ಟಿವಿಯ ಪಕ್ಕದ ಸ್ಟೂಲಿನ ಮೇಲಿಟ್ಟೆವು. ಅಕ್ಕ ಸೀರಿಯಲ್ ನಿಲ್ಲಿಸಿ ರಿಮೋಟ್ ಕೊಟ್ಟಳು. ಮಾನಿಟರಿಗೆ ಅವನು ಹಾಕಿದ್ದ ಕನ್ವರ್ಟರ್ ಕಿತ್ತು, ಸೆಟ್‌ಟಾಪ್ ಬಾಕ್ಸಿನ ಎಚ್‌ಡಿಎಂಐ ಕೇಬಲ್ಲನ್ನು ನೇರ ಕಾರ್ಡಿಗೆ ಸಿಕ್ಕಿಸಿ ಆನ್ ಮಾಡಿದೆ. ಏಳೆಂಟು ಸೆಕೆಂಡು ಏನೂ ಇಲ್ಲ. ಆಮೇಲೆ 40 ಇಂಚಿನ ಪರದೆಯ ತುಂಬ ವಿಂಡೋಸ್‌ನ ನೀಲಿ ಬೆಳಕು. ಹುಡುಗ ಮಾತಾಡಲಿಲ್ಲ, ಕ್ಯಾಬಿನೆಟ್ಟಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದ. ಸತ್ತಿದ್ದು ಕಾರ್ಡಲ್ಲ, ನಡುವಿನ ಆ ಕಪ್ಪು ಡಬ್ಬಿ.

ಇದನ್ನು ವಿವರವಾಗಿ ಹೇಳಲು ಕಾರಣವಿದೆ. ಪರೀಕ್ಷೆ ಎಂದರೆ ಹೊಸದೇನನ್ನೋ ಸೇರಿಸುವುದಲ್ಲ, ನಡುವಿನದನ್ನು ತೆಗೆಯುವುದು. ಕನ್ವರ್ಟರ್ ತೆಗೆಯಿರಿ, ಎರಡನೇ ಮಾನಿಟರ್ ತೆಗೆಯಿರಿ, ಎಕ್ಸ್‌ಟೆನ್ಷನ್ ತೆಗೆಯಿರಿ. ಮನೆಯ ಟಿವಿಗೆ ನೇರವಾಗಿ ಒಂದು ಎಚ್‌ಡಿಎಂಐ ಕೇಬಲ್ ಹಾಕಿ. ಕಾರ್ಡಿನ ಎಲ್ಲ ಪೋರ್ಟುಗಳಲ್ಲೂ ಒಂದೊಂದಾಗಿ ನೋಡಿ. ಡಿಸ್ಪ್ಲೇಪೋರ್ಟ್ ಕೇಬಲ್ಲಿನಲ್ಲಿ ಇನ್ನೊಂದು ವಿಚಿತ್ರ ತೊಂದರೆ ಬರುತ್ತದೆ. ಅದರ 20ನೇ ಪಿನ್ 3.3 ವೋಲ್ಟ್ ಪವರ್‌ನದು. ಸಾಮಾನ್ಯ ಕೇಬಲ್ಲಿನಲ್ಲಿ ಅದನ್ನು ಈ ತುದಿಯಿಂದ ಆ ತುದಿಗೆ ಜೋಡಿಸಬಾರದು ಎಂಬುದು ನಿಯಮ. ಅಗ್ಗದ ಕೆಲವು ಕೇಬಲ್ಲುಗಳಲ್ಲಿ ಜೋಡಿಸಿರುತ್ತಾರೆ. ಆಗ ಮಾನಿಟರಿನ ಕರೆಂಟ್ ಕಾರ್ಡಿನೊಳಕ್ಕೆ ಹಿಮ್ಮುಖವಾಗಿ ಹರಿದು ಮೆಷಿನ್ ಏಳದೆ ಹೋಗಬಹುದು. ಕೇಬಲ್ ಕಿತ್ತು ಆನ್ ಮಾಡಿದರೆ ಏಳುವ, ಸಿಕ್ಕಿಸಿದರೆ ಏಳದ ಮೆಷಿನ್ ಕಂಡರೆ ಈ ಪಿನ್ ನೆನಪಾಗಲಿ.

ದಾರಿ ಸರಿಯಿದ್ದೂ ಕತ್ತಲಿದ್ದರೆ ಪವರ್ ಕಡೆ ತಿರುಗಬೇಕು. ಕಾರ್ಡ್ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಗರಿಷ್ಠ 75 ವ್ಯಾಟ್ ಕೊಡುತ್ತದೆ. ಜಿಟಿಎಕ್ಸ್ 1650ರಂಥ ಕಾರ್ಡ್ ಅಷ್ಟರಲ್ಲೇ ಬದುಕುತ್ತದೆ. ಅದಕ್ಕಿಂತ ದೊಡ್ಡ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ಬೇರೆ ಕೇಬಲ್ ಬೇಕು: 6 ಪಿನ್‌ನದು ಇನ್ನೂ 75 ವ್ಯಾಟ್, 8 ಪಿನ್‌ನದು 150 ವ್ಯಾಟ್. ಆ ಕೇಬಲ್ ಹಾಕದಿದ್ದರೂ ಸ್ಲಾಟಿನ ಕರೆಂಟಿನಲ್ಲೇ ಫ್ಯಾನ್ ತಿರುಗಬಹುದು, ಬಣ್ಣದ ದೀಪ ಉರಿಯಬಹುದು. ಜನ ಮೋಸ ಹೋಗುವುದು ಇಲ್ಲೇ. ಫ್ಯಾನ್ ತಿರುಗುವುದು ಕಾರ್ಡಿಗೆ ಬೇಕಾದಷ್ಟು ಕರೆಂಟ್ ಸಿಕ್ಕಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಫ್ಯಾನ್ ಪೂರ್ತಿ ವೇಗದಲ್ಲಿ ಕೂಗುತ್ತ ಪರದೆ ಕಪ್ಪಾಗಿದ್ದರೆ, ಅಥವಾ ಕೇಬಲ್ ಕೂರುವ ಜಾಗದ ಪಕ್ಕ ಕೆಂಪು ದೀಪ ಹತ್ತಿದ್ದರೆ, ಕಾರ್ಡ್ ಹಸಿದು ಕೂತಿದೆ ಎಂದು ಬಹುಮಟ್ಟಿಗೆ ಹೇಳಬಹುದು.

ಇಲ್ಲಿ ಎರಡು ಅಪಾಯಗಳ ಬಗ್ಗೆ ಒತ್ತಿ ಹೇಳಬೇಕು. ಎಸ್‌ಎಂಪಿಎಸ್‌ನಿಂದ ಎರಡು ಬಗೆಯ 8 ಪಿನ್ ತಲೆಗಳು ಬರುತ್ತವೆ. ಒಂದು ಪ್ರೊಸೆಸರಿಗೆ, ಸಾಮಾನ್ಯವಾಗಿ ನಾಲ್ಕು ಮತ್ತು ನಾಲ್ಕಾಗಿ ಸೀಳುವಂಥದ್ದು. ಇನ್ನೊಂದು ಕಾರ್ಡಿಗೆ, ಆರು ಮತ್ತು ಎರಡಾಗಿ ಸೀಳುವಂಥದ್ದು. ಇವೆರಡರಲ್ಲಿ 12 ವೋಲ್ಟಿನ ತಂತಿ ಮತ್ತು ಗ್ರೌಂಡ್ ತಂತಿ ಅದಲುಬದಲಾಗಿವೆ. ಪ್ಲಾಸ್ಟಿಕ್ಕಿನ ಆಕಾರ ಬೇರೆಯಿದ್ದರೂ ಬಲವಂತ ಮಾಡಿದರೆ ಕೂರುತ್ತದೆ, ಕೂತರೆ ಶಾರ್ಟ್. ಎರಡನೆಯದು, ಕೇಬಲ್ ಬಿಚ್ಚಿ ಹಾಕುವ ಮಾಡ್ಯುಲರ್ ಎಸ್‌ಎಂಪಿಎಸ್. ಒಂದು ಕಂಪನಿಯ ಕೇಬಲ್ ಇನ್ನೊಂದು ಕಂಪನಿಯ ಡಬ್ಬಿಗೆ ಹೊಂದುತ್ತದೆ ಎಂಬ ಭರವಸೆಯಿಲ್ಲ. ಕಾರ್ಡಿನ ಕಡೆಯ ತುದಿಗೆ ನಿಯಮವಿದೆ, ಡಬ್ಬಿಯ ಕಡೆಯ ತುದಿಗೆ ಇಲ್ಲ. ಡ್ರಾಯರಿನಲ್ಲಿ ಬಿದ್ದಿದ್ದ ಹಳೆಯ ಕೇಬಲ್ ಚೆನ್ನಾಗಿ ಕೂತಿತು ಎಂದು ಬಟನ್ ಒತ್ತಿದರೆ ಕಾರ್ಡಷ್ಟೇ ಅಲ್ಲ, ಹಾರ್ಡ್‌ಡಿಸ್ಕಿನ ಫೋಟೋಗಳೂ ಹೋಗಬಹುದು.

ದೊಡ್ಡ ಕಾರ್ಡುಗಳಲ್ಲಿ ಇದೇ ಕಥೆ ಬೇರೆ ರೂಪದಲ್ಲಿ ಬಂತು. 2022ರ ಅಕ್ಟೋಬರಿನಲ್ಲಿ 450 ವ್ಯಾಟಿನ ಆರ್‌ಟಿಎಕ್ಸ್ 4090 ಬಂದಾಗ ಅದರ ಜತೆ 600 ವ್ಯಾಟ್‌ವರೆಗೆ ಹೊರುವ ಸಣ್ಣ 16 ಪಿನ್ ತಲೆಯೂ ಬಂತು. ಕೆಲವೇ ವಾರಗಳಲ್ಲಿ ಕನೆಕ್ಟರ್ ಕರಗಿದ ಫೋಟೋಗಳು ಹೊರಬಂದವು; ಪೂರ್ತಿ ಒಳಗೆ ಕೂರದಿರುವುದೇ ಹೆಚ್ಚಿನ ಪ್ರಕರಣಗಳಲ್ಲಿ ಕಂಡ ಅಂಶ ಎಂದು ಎನ್ವಿಡಿಯಾ ಹೇಳಿತು. 2023ರಲ್ಲಿ ತಿದ್ದಿದ ಆವೃತ್ತಿಯಲ್ಲಿ ಸಂಜ್ಞೆಯ ನಾಲ್ಕು ಸಣ್ಣ ಪಿನ್‌ಗಳನ್ನು ಗಿಡ್ಡ ಮಾಡಿದರು. ತಲೆ ಪೂರ್ತಿ ಕೂರದಿದ್ದರೆ ಆ ಪಿನ್ ಮುಟ್ಟುವುದಿಲ್ಲ, ಮುಟ್ಟದಿದ್ದರೆ ಕಾರ್ಡ್ ಏಳುವುದಿಲ್ಲ. ಅಂದರೆ ಹೊಸ ಕಾರ್ಡಿನಲ್ಲಿ ಕಪ್ಪು ಪರದೆ ಎಂಬುದು ಕೆಲವೊಮ್ಮೆ ಬೆಂಕಿ ತಡೆಯಲು ಮಾಡಿಟ್ಟ ವ್ಯವಸ್ಥೆ ಸರಿಯಾಗಿ ಕೆಲಸ ಮಾಡಿದ್ದರ ಗುರುತು. ಇದು ಒಳ್ಳೆಯ ಬದಲಾವಣೆ ಎಂದೇ ನನ್ನ ಅಭಿಪ್ರಾಯ.

ಎಸ್‌ಎಂಪಿಎಸ್ ಮೇಲೆ ಬರೆದ ಸಂಖ್ಯೆಯನ್ನೂ ಎಚ್ಚರದಿಂದ ಓದಬೇಕು. ಕ್ಯಾಬಿನೆಟ್ ಜತೆ ಬರುವ ಹೆಸರಿಲ್ಲದ ಡಬ್ಬಿಯ ಮೇಲಿನ '450 ವ್ಯಾಟ್' ನಂಬಿ ಕೂರುವಂತಿಲ್ಲ. ಕಾರ್ಡ್ ಕುಡಿಯುವುದು 12 ವೋಲ್ಟಿನ ಸಾಲಿನಿಂದ. ಪಕ್ಕದ ಚೀಟಿಯಲ್ಲಿ ಆ ಸಾಲಿಗೆ ಎಷ್ಟು ಆಂಪ್ ಎಂದು ಬರೆದಿದೆಯೋ ಅದನ್ನು 12ರಿಂದ ಗುಣಿಸಿದರೆ ನಿಜವಾಗಿ ಸಿಗಬಹುದಾದದ್ದು ತಿಳಿಯುತ್ತದೆ. ಮನೆಯಲ್ಲಿ 600 ವಿಎ ಯುಪಿಎಸ್ ಇದ್ದರೆ ಅದರ ಶಕ್ತಿ ಸಾಮಾನ್ಯವಾಗಿ 360 ವ್ಯಾಟ್ ಆಸುಪಾಸು. ಪರೀಕ್ಷೆಯ ಹೊತ್ತಿಗೆ ಯುಪಿಎಸ್ ಬಿಟ್ಟು, ಅರ್ಥಿಂಗ್ ಇರುವ ಗೋಡೆಯ ಮೂರು ಪಿನ್ ಸಾಕೆಟ್ಟಿಗೇ ನೇರ ಸಿಕ್ಕಿಸುವುದು ವಾಸಿ.

ಕಾರ್ಡ್ ಕೂರಿಸುವ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಗೋಡೆಯ ಸ್ವಿಚ್ ಆರಿಸಿ, ಪವರ್ ಬಟನ್ ಎರಡು ಸಲ ಒತ್ತಿ ಉಳಿದ ಕರೆಂಟ್ ಖಾಲಿ ಮಾಡಿ, ಕಬ್ಬಿಣದ ಕ್ಯಾಬಿನೆಟ್ ಮುಟ್ಟಿ, ಕಾರ್ಡ್ ತೆಗೆದು ಮತ್ತೆ ಹಾಕಬೇಕು. ಸ್ಲಾಟಿನ ತುದಿಯ ಕ್ಲಿಪ್ 'ಟಕ್' ಎನ್ನಬೇಕು. ಹಿಂದಿನ ಸ್ಕ್ರೂ ಬಿಗಿದಾಗ ಮುಂದಿನ ತುದಿ ಮೇಲೆದ್ದು ಬರುವ ಕ್ಯಾಬಿನೆಟ್ಟುಗಳಿವೆ. ಬಿಗಿದ ಮೇಲೂ ಒಮ್ಮೆ ಬಗ್ಗಿ ನೋಡಿ. ಸೆಕೆಂಡ್‌ಹ್ಯಾಂಡ್ ಕಾರ್ಡಾದರೆ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಪುಡಿ ಒರೆಸಿ. ಎರಡು ಉದ್ದ ಸ್ಲಾಟ್ ಇದ್ದರೆ ಪ್ರೊಸೆಸರಿಗೆ ಹತ್ತಿರದ್ದೇ ಕಾರ್ಡಿನ ಜಾಗ. ಕಾರ್ಡನ್ನು ಗಾಜಿನ ಕಡೆ ತಿರುಗಿಸಿ ತೋರಿಸಲು ಬಳಸುವ ರೈಸರ್ ಕೇಬಲ್ ಇದ್ದರೆ ಅದನ್ನು ಮೊದಲು ಅನುಮಾನಿಸಿ. ಪಿಸಿಐ ಎಕ್ಸ್‌ಪ್ರೆಸ್‌ನ ಮೂರನೇ ತಲೆಮಾರಿಗೆ ಮಾಡಿದ ರೈಸರಿಗೆ ನಾಲ್ಕನೇ ತಲೆಮಾರಿನ ಇಮ್ಮಡಿ ವೇಗ ತಾಳಲಾಗುವುದಿಲ್ಲ. 2020ರಲ್ಲಿ ಆರ್‌ಟಿಎಕ್ಸ್ 3000 ಸರಣಿ ಬಂದಾಗ ಈ ಒಂದು ಕಾರಣಕ್ಕೆ ಎಷ್ಟೋ ಮೆಷಿನ್‌ಗಳು ಕಪ್ಪಾದವು. ಕಾರ್ಡನ್ನು ನೇರ ಸ್ಲಾಟಿಗೆ ಹಾಕಿ, ಬಯಾಸಿನಲ್ಲಿ ಸ್ಲಾಟಿನ ವೇಗವನ್ನು ಮೂರನೇ ತಲೆಮಾರಿಗೆ ಇಳಿಸಿ, ಆಮೇಲೆ ರೈಸರ್ ಹಾಕಿದರೆ ಬರುತ್ತದೆ.

ಇನ್ನು ನನ್ನ ದೃಷ್ಟಿಯಲ್ಲಿ ಅತ್ಯಂತ ಕಡಿಮೆ ಅರ್ಥವಾಗಿರುವ ಕಾರಣಕ್ಕೆ ಬರೋಣ. ಮೆಷಿನ್ ಏಳುವಾಗ ಬಯಾಸ್ ಮತ್ತು ಕಾರ್ಡಿನ ಫರ್ಮ್‌ವೇರ್ ಪರಸ್ಪರ ಮಾತಾಡಬೇಕು ಎಂದೆನಲ್ಲ, ಆ ಭಾಷೆ ಎರಡು ತಲೆಮಾರಿನದು. ಹಳೆಯದು 1980ರ ದಶಕದ ಪಿಸಿಯಿಂದ ಬಂದದ್ದು. ಹೊಸದು ಯುಇಎಫ್‌ಐ, ಅದರಲ್ಲಿ ಚಿತ್ರ ತೋರಿಸಲು ಕಾರ್ಡಿನ ಫರ್ಮ್‌ವೇರಿನಲ್ಲಿ ಗ್ರಾಫಿಕ್ಸ್ ಔಟ್‌ಪುಟ್ ಪ್ರೊಟೊಕಾಲ್ ಎಂಬ ಭಾಗ ಇರಲೇಬೇಕು. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಅದು ಸಾಮಾನ್ಯವಾಯಿತು. ಅದಕ್ಕಿಂತ ಹಿಂದಿನ ಕಾರ್ಡುಗಳಿಗೆ ಆ ಭಾಷೆ ಬರುವುದಿಲ್ಲ. ಎರಡರ ನಡುವೆ ದುಭಾಷಿಯಾಗಿ ಮದರ್‌ಬೋರ್ಡುಗಳಲ್ಲಿ ಸಿಎಸ್‌ಎಂ ಎಂಬ ಸೌಲಭ್ಯ ಇರುತ್ತದೆ. ಈಗಿನ ಬೋರ್ಡುಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ, ಕೆಲವದರಲ್ಲಿ ಇಲ್ಲವೇ ಇಲ್ಲ. ಹೊಸ ಬೋರ್ಡಿಗೆ ಅಂಥ ಹಳೆಯ ಕಾರ್ಡ್ ಹಾಕಿದರೆ ಇಬ್ಬರೂ ಆರೋಗ್ಯವಾಗಿದ್ದಾರೆ, ಆದರೆ ಮಾತು ಅರ್ಥವಾಗುವುದಿಲ್ಲ. ತಿರುಗುಮುರುಗಾಗಿಯೂ ಆಗುತ್ತದೆ: 2022ರಲ್ಲಿ ಬಂದ ಇಂಟೆಲ್‌ನ ಆರ್ಕ್ ಕಾರ್ಡುಗಳಿಗೆ ಯುಇಎಫ್‌ಐ ಮಾತ್ರವೇ ಗೊತ್ತು, ಹಳೆಯ ರೀತಿಯಲ್ಲಿ ಏಳುವ ಮೆಷಿನ್‌ನಲ್ಲಿ ಅವುಗಳ ಕಡೆಯಿಂದ ಚಿತ್ರ ನಿರೀಕ್ಷಿಸುವಂತಿಲ್ಲ.

ಹೊಸ ಕಾರ್ಡು, ಹೊಸ ಬೋರ್ಡು ಎರಡೂ ಇದ್ದಾಗಲೂ ಈ ಸಂಭಾಷಣೆ ತಪ್ಪುವುದುಂಟು. 2018ರಲ್ಲಿ ಎನ್ವಿಡಿಯಾ ತನ್ನ 900 ಮತ್ತು 1000 ಸರಣಿಯ ಕಾರ್ಡುಗಳಿಗೆ ಒಂದು ಫರ್ಮ್‌ವೇರ್ ತಿದ್ದುಪಡಿ ಹೊರಡಿಸಿತು. ಡಿಸ್ಪ್ಲೇಪೋರ್ಟ್ 1.3 ಮತ್ತು 1.4ರ ಮಾನಿಟರುಗಳಿಗೆ ಹಾಕಿದರೆ ವಿಂಡೋಸ್ ಬರುವವರೆಗೆ ಪರದೆ ಖಾಲಿ ಇರುತ್ತಿತ್ತು, ಕೆಲವೊಮ್ಮೆ ಮೆಷಿನ್ ಅಲ್ಲೇ ನಿಲ್ಲುತ್ತಿತ್ತು. ಅಲ್ಲಿಯವರೆಗಿನ ಉಪಾಯ, ಎಚ್‌ಡಿಎಂಐ ಅಥವಾ ಡಿವಿಐಗೆ ಹಾಕಿ ಏಳಿಸುವುದು. 2025ರಲ್ಲಿ ಆರ್‌ಟಿಎಕ್ಸ್ 5060 ಸರಣಿಗೂ ಇಂಥದ್ದೇ ತಿದ್ದುಪಡಿ ಬೇಕಾಯಿತು. ಆದ್ದರಿಂದ ಕಾರ್ಡ್ ಬದಲಿಸುವ ಮೊದಲೇ, ಚಿತ್ರ ಬರುತ್ತಿರುವಾಗಲೇ, ಮದರ್‌ಬೋರ್ಡಿನ ಬಯಾಸ್ ಅಪ್‌ಡೇಟ್ ಮಾಡಿಕೊಳ್ಳುವುದು ಜಾಣತನ. ಕಪ್ಪಾದ ಮೇಲೆ ಆ ಕೆಲಸ ಹತ್ತುಪಟ್ಟು ಕಷ್ಟ.

ಬಯಾಸಿನ ಸೆಟ್ಟಿಂಗ್ ಅಸ್ತವ್ಯಸ್ತವಾಗಿದ್ದರೆ ಸಿಮಾಸ್ ಕ್ಲಿಯರ್ ಮಾಡುವುದು ಹಳೆಯ, ಒಳ್ಳೆಯ ಮದ್ದು. ಕರೆಂಟ್ ಕಿತ್ತು, ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಸೆಲ್ಲನ್ನು ಐದು ನಿಮಿಷ ತೆಗೆದಿಡಬೇಕು, ಅಥವಾ ಅದಕ್ಕೆಂದೇ ಇರುವ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಮುಟ್ಟಿಸಬೇಕು. ಆದರೆ ಸಿಎಸ್‌ಎಂ ಬದಲಿಸುವ ಮುಂಚೆ ಎರಡು ಮಾತು ತಿಳಿದಿರಲಿ. ಹಳೆಯ ಎಂಬಿಆರ್ ವಿಧಾನದಲ್ಲಿ ಹಾಕಿದ ವಿಂಡೋಸ್, ಸಿಎಸ್‌ಎಂ ಮುಚ್ಚಿದರೆ ಏಳುವುದಿಲ್ಲ. ಡಿಸ್ಕನ್ನು ಮೊದಲು ಜಿಪಿಟಿಗೆ ಪರಿವರ್ತಿಸಬೇಕು. ಬಿಟ್‌ಲಾಕರ್ ಇರುವ ಮೆಷಿನ್ ಈ ಬದಲಾವಣೆ ಕಂಡು 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ಎಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಳ್ಳದವರು ಕಾರ್ಡ್ ಗೆದ್ದು ಡೇಟಾ ಸೋಲುತ್ತಾರೆ. ಇನ್ನೊಂದು: 2022ರ ನಂತರದ ಎಎಂಡಿ ಮೆಷಿನ್‌ಗಳಲ್ಲಿ ಸಿಮಾಸ್ ಕ್ಲಿಯರ್ ಆದ ಮೇಲಿನ ಮೊದಲ ಆನ್‌ನಲ್ಲಿ ಡಿಡಿಆರ್5 ರ್‍ಯಾಮ್ ತನ್ನನ್ನು ತಾನು ಹೊಂದಿಸಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳುತ್ತದೆ. ಆ ಹೊತ್ತು ಪರದೆ ಕಪ್ಪಾಗಿಯೇ ಇರುತ್ತದೆ. ಗಾಬರಿಯಿಂದ ಸ್ವಿಚ್ ಆರಿಸಿದರೆ ಮತ್ತೆ ಮೊದಲಿನಿಂದ.

ಮೆಷಿನ್ ಎಲ್ಲಿ ನಿಂತಿದೆ ಎಂದು ತಾನೇ ಹೇಳುವ ವ್ಯವಸ್ಥೆ ಮೊದಲಿನಿಂದ ಇತ್ತು. 1981ರ ಮೊದಲ ಐಬಿಎಂ ಪಿಸಿಯಲ್ಲೇ ಚಿತ್ರದ ತೊಂದರೆಗೆ ಒಂದು ಉದ್ದ, ಎರಡು ಗಿಡ್ಡ ಬೀಪ್ ಎಂಬ ಸಂಕೇತವಿತ್ತು. ಅವಾರ್ಡ್ ಬಯಾಸ್ ಅದನ್ನೇ ಉಳಿಸಿಕೊಂಡಿತು. ಎಎಂಐ ಬಯಾಸ್ ಎಂಟು ಬೀಪ್ ಕೊಡುತ್ತಿತ್ತು. ಬೀಪ್ ಹೊರಡಬೇಕಾದರೆ ಒಂದು ಸಣ್ಣ ಸ್ಪೀಕರ್ ಬೇಕು. ಈಗಿನ ಕ್ಯಾಬಿನೆಟ್ಟುಗಳಲ್ಲಿ ಬಹುಪಾಲು ಅದನ್ನು ಕೊಡುವುದೇ ಇಲ್ಲ. ಬೋರ್ಡಿನಲ್ಲಿ ಅದಕ್ಕೆ ಪಿನ್ ಇರುತ್ತದೆ, ಪಿನ್ನಿಗೆ ಸಿಕ್ಕಿಸಲು ಏನೂ ಇರುವುದಿಲ್ಲ. ಅದರ ಬದಲಿಗೆ ಒಳ್ಳೆಯ ಬೋರ್ಡುಗಳಲ್ಲಿ ಸಿಪಿಯು, ಡಿರ್‍ಯಾಮ್, ವಿಜಿಎ, ಬೂಟ್ ಎಂದು ಬರೆದ ನಾಲ್ಕು ಪುಟ್ಟ ದೀಪಗಳಿವೆ. ಯಾವ ದೀಪ ಆರದೆ ಉಳಿಯಿತೋ ತೊಂದರೆ ಅಲ್ಲಿ. ಅಲ್ಲಿ ವಿಜಿಎ ಎಂದರೆ ನೀಲಿ ಪೋರ್ಟಲ್ಲ, ಗ್ರಾಫಿಕ್ಸ್ ಕಾರ್ಡ್ ಎಂದರ್ಥ. ವಿಜಿಎ ದೀಪ ಉರಿಯುತ್ತಿದ್ದರೆ ಕಾರ್ಡ್, ಸ್ಲಾಟ್, ಪವರ್ ಕಡೆ ನೋಡಿ. ನಾಲ್ಕೂ ಆರಿ ಪರದೆ ಮಾತ್ರ ಕಪ್ಪಾಗಿದ್ದರೆ ಕೇಬಲ್ ಕಡೆ ನೋಡಿ. ಡಿರ್‍ಯಾಮ್ ದೀಪ ಉರಿದರೆ ಕಾರ್ಡ್ ಕೂರಿಸುವಾಗ ಕೈತಾಗಿ ರ್‍ಯಾಮ್ ಸಡಿಲವಾಗಿರಬಹುದು.

ಈ ದೀಪಗಳು ಅಗ್ಗದ ಬೋರ್ಡುಗಳಲ್ಲಿ ಇಲ್ಲದಿರುವುದು ನನಗೆ ನಿಜಕ್ಕೂ ನೋವಿನ ವಿಷಯ. ನಾಲ್ಕು ಎಲ್‌ಇಡಿಗಳ ಬೆಲೆ ಬೋರ್ಡಿನ ಬೆಲೆಯ ಮುಂದೆ ಏನೂ ಅಲ್ಲ. ಹೆಚ್ಚು ದುಡ್ಡು ಕೊಟ್ಟು ಕೊಳ್ಳುವವನ ಹತ್ತಿರ ಪರೀಕ್ಷಿಸಲು ಎರಡನೇ ಮೆಷಿನ್ ಇರುತ್ತದೆ, ಇನ್ನೊಂದು ಕಾರ್ಡೂ ಇರಬಹುದು. ಕಡಿಮೆ ದುಡ್ಡಿನ ಬೋರ್ಡ್ ಕೊಳ್ಳುವವನ ಹತ್ತಿರ ಇರುವುದು ಅದೊಂದೇ ಮೆಷಿನ್, ಅದೊಂದೇ ಮಾನಿಟರ್. ಆ ದೀಪ ಹೆಚ್ಚು ಬೇಕಾಗಿರುವುದು ಅವನಿಗೆ. ಪ್ರತಿ ಮದರ್‌ಬೋರ್ಡಿನಲ್ಲೂ ಅವು ಕಡ್ಡಾಯವಾಗಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಲೋಗೊ ಕಂಡು, ವಿಂಡೋಸ್ ಏಳುವ ಹೊತ್ತಿಗೆ ಕಪ್ಪಾಗುವುದಾದರೆ ಇಷ್ಟೆಲ್ಲ ಬಿಚ್ಚಬೇಕಿಲ್ಲ. ಕಾರ್ಡ್, ಸ್ಲಾಟ್, ಕೇಬಲ್ ಎಲ್ಲ ಚಿತ್ರ ತೋರಿಸುವಷ್ಟು ಚೆನ್ನಾಗಿವೆ. ತಕರಾರು ಹೆಚ್ಚಾಗಿ ಡ್ರೈವರಿನದು. ವಿಂಡೋಸ್ ಕೀ ಜತೆ ಪಿ ಒತ್ತಿ ಚಿತ್ರ ಇಲ್ಲದ ಎರಡನೇ ಪರದೆಗೆ ಹೋಗಿದೆಯೇ ನೋಡಿ. ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರರ ಜತೆ ಬಿ ಒತ್ತಿದರೆ ಡ್ರೈವರ್ ಮರಳಿ ಏಳುತ್ತದೆ. ಅದಕ್ಕೂ ಬಗ್ಗದಿದ್ದರೆ ವಿಂಡೋಸ್ ಏಳುವಾಗ ಎರಡು ಮೂರು ಸಲ ಆರಿಸಿ ರಿಕವರಿ ಪುಟ ಬರಿಸಿ, ಸೇಫ್ ಮೋಡಿಗೆ ಹೋಗಿ, ಹಳೆಯ ಕಾರ್ಡಿನ ಡ್ರೈವರನ್ನು ಡಿಸ್ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್‌ನಿಂದ ಪೂರ್ತಿ ಕಿತ್ತು ಹೊಸದನ್ನು ಹಾಕಬೇಕು. ಲಿನಕ್ಸ್ ಬಳಸುವವರು ಬೂಟ್ ಸಾಲಿಗೆ ನೋಮೋಡ್‌ಸೆಟ್ ಸೇರಿಸಿ ಒಳಹೊಕ್ಕು ಡ್ರೈವರ್ ಸರಿಪಡಿಸಿಕೊಳ್ಳಬಹುದು. ಆದರೆ ಆಟ ಅಥವಾ ರೆಂಡರ್ ಶುರುವಾದ ಮೇಲೆ ಕಪ್ಪಾಗುವುದಾದರೆ ಮತ್ತೆ ಎಸ್‌ಎಂಪಿಎಸ್ ಕಡೆಗೇ ಬರಬೇಕು, ಏಕೆಂದರೆ ಕಾರ್ಡ್ ಪೂರ್ತಿ ಕರೆಂಟ್ ಕುಡಿಯುವುದು ಆಗಲೇ.

ಕೊನೆಯದಾಗಿ ಸೆಕೆಂಡ್‌ಹ್ಯಾಂಡ್ ಕಾರ್ಡ್. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಕ್ರಿಪ್ಟೊ ನಾಣ್ಯದ ಜಾಲ ತನ್ನ ವಿಧಾನ ಬದಲಿಸಿ ಕಾರ್ಡುಗಳ ಮೇಲಿನ ಮೈನಿಂಗ್ ನಿಲ್ಲಿಸಿತು. ಮೈನಿಂಗಿನಲ್ಲಿ ಹಗಲುರಾತ್ರಿ ದುಡಿದ ಕಾರ್ಡುಗಳು ಮಾರುಕಟ್ಟೆಗೆ ಬಂದವು. ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಹಳೆಯ ಕಾರ್ಡ್ ಹುಡುಕುವವರು ಮೂರು ಸಂಗತಿ ನೋಡಬೇಕು. ಮೈನಿಂಗಿಗೆಂದೇ 2017ರಲ್ಲಿ ಬಂದ ಪಿ106-100ರಂಥ ಕಾರ್ಡಿನಲ್ಲಿ ಜಿಟಿಎಕ್ಸ್ 1060ರ ಚಿಪ್ಪೇ ಇದೆ, ಆದರೆ ಮಾನಿಟರ್ ಸಿಕ್ಕಿಸಲು ಪೋರ್ಟೇ ಇಲ್ಲ. ಮೈನಿಂಗ್ ಮಾಡಿದವರು ಫರ್ಮ್‌ವೇರ್ ಬದಲಿಸಿದ್ದರೆ ಕಾರ್ಡ್ ಏಳದೆ ಇರಬಹುದು; ಮೇಲಂಚಿನಲ್ಲಿ ಸಣ್ಣ ಸ್ವಿಚ್ ಇದ್ದರೆ ಅದು ಎರಡನೇ ಬಯಾಸಿನದು, ಮೆಷಿನ್ ಆರಿಸಿ ಅದನ್ನು ಆಚೆಗೆ ಸರಿಸಿ ನೋಡಿ. ಮತ್ತೆ, ತೀರಾ ಹಳೆಯ ಕಾರ್ಡಿಗೆ ಹೊಸ ಹೆಸರು ತುಂಬಿ ಮಾರುವ ವಂಚನೆಯೂ ಉಂಟು. ಅಂಗಡಿಯಲ್ಲೇ ಹಾಕಿಸಿ ಚಿತ್ರ ನೋಡದೆ ದುಡ್ಡು ಕೊಡಬೇಡಿ.

ನಿಜವಾಗಿ ಕಾರ್ಡ್ ಕೆಟ್ಟಿದೆ ಎನ್ನಲು ನನಗೆ ಎರಡು ಸಾಕ್ಷಿ ಬೇಕು: ಈ ಕಾರ್ಡ್ ಚೆನ್ನಾಗಿರುವ ಇನ್ನೊಂದು ಮೆಷಿನ್‌ನಲ್ಲೂ ಏಳಬಾರದು, ಚೆನ್ನಾಗಿರುವ ಇನ್ನೊಂದು ಕಾರ್ಡ್ ಈ ಮೆಷಿನ್‌ನಲ್ಲಿ ಏಳಬೇಕು. ಎರಡೂ ಆದರೆ ಬಿಲ್, ಪೆಟ್ಟಿಗೆ, ಕಾರ್ಡಿನ ಹಿಂದಿನ ಸೀರಿಯಲ್ ನಂಬರ್ ಚೀಟಿ ಹಿಡಿದು ವಾರಂಟಿಗೆ ಹೋಗಿ. ಹೀಟ್‌ಗನ್ನಿನಲ್ಲಿ ಬಿಸಿ ಮಾಡಿ ಸರಿಮಾಡುತ್ತೇವೆ ಎನ್ನುವವರ ಕೈಗೆ ಕೊಡಬೇಡಿ. ಆ ಜೀವ ಕೆಲವು ವಾರಗಳದ್ದು, ವಾರಂಟಿಯೂ ಅಲ್ಲಿಗೆ ಮುಗಿಯುತ್ತದೆ.

ಅಕ್ಕನ ಮನೆಯಲ್ಲಿ ಆ ದಿನ ಸಂಜೆ ಯುಎಸ್‌ಬಿ ಪವರ್ ಇರುವ ಬೇರೆ ಕನ್ವರ್ಟರ್ ತಂದು ಹಳೆಯ ಮಾನಿಟರಿನಲ್ಲೇ ಚಿತ್ರ ಬರಿಸಿದೆವು. ಕ್ಯಾಬಿನೆಟ್ಟಿನ ಪಕ್ಕದ ತಗಡು ಮುಚ್ಚುವ ಮೊದಲು ಹುಡುಗ ನೋಟ್‌ಬುಕ್ಕಿನ ಒಂದು ಹಾಳೆ ಹರಿದು, ಕಾರ್ಡ್ ಹಾಕಿದ ತಾರೀಕು, ಬಯಾಸ್ ಆವೃತ್ತಿ, ಎಸ್‌ಎಂಪಿಎಸ್‌ನ 12 ವೋಲ್ಟ್ ಸಾಲಿನ ಆಂಪ್, ಸಿಎಸ್‌ಎಂ ಆನ್ ಇದೆಯೋ ಆಫ್ ಇದೆಯೋ, ಕೇಬಲ್ ಯಾವ ಪೋರ್ಟಿನಲ್ಲಿದೆ ಎಂದು ಬರೆದು ತಗಡಿನ ಒಳಮೈಗೆ ಸೆಲ್ಲೋಟೇಪಿನಿಂದ ಅಂಟಿಸಿದ.